ಹಾಡಿನ ಪುಸ್ತಕದಿಂದ ಟ್ಯಾಬ್ಲೆಟ್‌ಗೆ: ವೇದಿಕೆಯಲ್ಲಿ ನುಡಿಸುವವರಿಗೆ ಒಂದು ಮಾರ್ಗದರ್ಶಿ

ನಾನು ಸುಗಮ ಸಂಗೀತಕ್ಕೆ ಕೀಬೋರ್ಡ್ ನುಡಿಸುವವನು. ಒಂದು ರಾಜ್ಯೋತ್ಸವದ ಸಂಜೆ, ಬಯಲು ವೇದಿಕೆ. ಎರಡನೇ ಚರಣ ಮುಗಿದು ನನ್ನ ಬಿಟ್ (ಹಾಡಿನ ನಡುವೆ ವಾದ್ಯ ಮಾತ್ರ ನುಡಿಸುವ ಭಾಗ) ಶುರುವಾಗುವ ಹೊತ್ತಿಗೆ ಗಾಳಿ ಬೀಸಿತು. ಪುಸ್ತಕಕ್ಕೆ ಬಟ್ಟೆ ಕ್ಲಿಪ್ ಹಾಕಿದ್ದೆ. ಆದರೆ ಪುಟ ತಿರುಗಿಸೋಣ ಅಂತ ಆಗಷ್ಟೇ ಒಂದನ್ನು ತೆಗೆದಿದ್ದೆ. ನಾಲ್ಕೈದು ಹಾಳೆ ಒಟ್ಟಿಗೆ ಮಗುಚಿಕೊಂಡವು. ಸರಿಯಾದ ಪುಟ ಹುಡುಕುವಷ್ಟರಲ್ಲಿ ಬಿಟ್ ಮುಗಿದೇ ಹೋಗಿತ್ತು. ಪಕ್ಕದಲ್ಲಿದ್ದ ಕೊಳಲಿನವರು ಆ ಜಾಗವನ್ನು ತುಂಬಿಕೊಟ್ಟರು. ಮರುವಾರವೇ ಟ್ಯಾಬ್ಲೆಟ್ ತೆಗೆದುಕೊಂಡೆ.

ಟ್ಯಾಬ್ಲೆಟ್ ಬಂದ ತಕ್ಷಣ ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಮೊದಲ ಎರಡು ಕಾರ್ಯಕ್ರಮದಲ್ಲಿ ನಾನು ಗಾಯಕಿಯ ಮುಖಕ್ಕಿಂತ ಪರದೆಯನ್ನೇ ಜಾಸ್ತಿ ನೋಡಿದೆ. ಪಕ್ಕವಾದ್ಯದವರು ಹಾಗೆ ಮಾಡಬಾರದು. ಹಾಡುವವರು ಉಸಿರು ಎಳೆದುಕೊಳ್ಳುವುದನ್ನು ಕಂಡು ನಾವು ಸೇರಿಕೊಳ್ಳಬೇಕು, ಅಲ್ವಾ? ಅದಕ್ಕೇ ಒಂದು ನಿಯಮ ಮಾಡಿಕೊಂಡೆ. ಟ್ಯಾಬ್ಲೆಟ್‌ನ ಕೆಲಸವೆಲ್ಲ ಮನೆಯಲ್ಲೇ ಮುಗಿದಿರಬೇಕು. ಹಾಡು ಶುರುವಾದ ಮೇಲೆ ಪರದೆಗೆ ಬೆರಳು ತಾಗಿಸುವ ಪ್ರಸಂಗವೇ ಬರಬಾರದು. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಅದಕ್ಕಾಗಿಯೇ ಇದೆ.

ಬೆಲ್ಜಿಯಂನ ಬ್ರಸೆಲ್ಸ್ ಫಿಲ್ಹಾರ್ಮೋನಿಕ್ ವಾದ್ಯವೃಂದದವರು 2012ರಲ್ಲೇ ಕಾಗದ ಬಿಟ್ಟು ಟ್ಯಾಬ್ಲೆಟ್ ನೋಡಿ ನುಡಿಸಿ ತೋರಿಸಿದ್ದರು. ಅದು ಮುಚ್ಚಿದ ಸಭಾಂಗಣ, ಕುರ್ಚಿ ಮೇಲೆ ಕೂತು ನುಡಿಸುವ ಪದ್ಧತಿ, ಮೊದಲೇ ಗೊತ್ತಾದ ಕೃತಿ. ನಮ್ಮಲ್ಲಿ ಶಾಮಿಯಾನ, ಜಮಖಾನ, ಮಧ್ಯೆ ಭಾಷಣ, ಕೊನೇ ಗಳಿಗೆಯಲ್ಲಿ ಬದಲಾಗುವ ಹಾಡು ಮತ್ತು ಸ್ಕೇಲ್ (ಹಾಡುವ ಶ್ರುತಿ). ಆದ್ದರಿಂದ ಹೊರಗಿನವರ ಸಲಹೆಯಲ್ಲಿ ಅರ್ಧ ಮಾತ್ರ ನಮಗೆ ಒಗ್ಗುತ್ತದೆ.

ಎಷ್ಟು ದೊಡ್ಡ ಪರದೆ ಬೇಕು?

ಎ4 ಹಾಳೆಯ ಅಳತೆ 21 ಸೆಂ.ಮೀ. ಅಗಲ, 29.7 ಸೆಂ.ಮೀ. ಉದ್ದ. 12.9 ಇಂಚಿನ ಐಪ್ಯಾಡ್ ಪರದೆ ಸುಮಾರು 20 ಸೆಂ.ಮೀ. ಅಗಲ, 26 ಸೆಂ.ಮೀ. ಉದ್ದ ಇರುತ್ತದೆ. ಹೆಚ್ಚುಕಡಿಮೆ ಪೂರ್ತಿ ಹಾಳೆಯಷ್ಟೇ. 11 ಇಂಚಿನದು 16 ಅಗಲ, 23 ಉದ್ದ. ಚಿಕ್ಕದಾಯಿತಲ್ಲ ಅನ್ನಬೇಡಿ. ಹಾಳೆಯ ನಾಲ್ಕೂ ಕಡೆ 2 ಸೆಂ.ಮೀ. ಖಾಲಿ ಅಂಚು ಇದ್ದರೆ, ಅದನ್ನು ಕತ್ತರಿಸಿ ಹಾಕಿದಾಗ ಉಳಿಯುವುದು 17 ಅಗಲ, 25.7 ಉದ್ದ. ಅದು 11 ಇಂಚಿನ ಪರದೆಯಲ್ಲಿ ಹತ್ತನೇ ಒಂದು ಪಾಲು ಮಾತ್ರ ಕಿರಿದಾಗಿ ಕಾಣುತ್ತದೆ. ಸಾಹಿತ್ಯ ಮತ್ತು ಸ್ವರ ಮಾತ್ರ ನೋಡುವವರಿಗೆ ಅಷ್ಟು ಸಾಕು. ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ) ಓದುವ ಪಿಯಾನೊ, ವಯಲಿನ್‌ನವರು ದೊಡ್ಡದನ್ನೇ ಕೊಳ್ಳಲಿ. ಆ ಲಿಪಿಯ ಗೆರೆ, ಚಿಕ್ಕ ಚಿಕ್ಕ ಶಾರ್ಪ್ ಗುರುತು ಎಲ್ಲ ದೂರದಿಂದ ಕಾಣಬೇಕು.

ಆಂಡ್ರಾಯ್ಡ್‌ನಲ್ಲೂ ಒಳ್ಳೆಯವು ಇವೆ, ಬೆಲೆಯೂ ಕಡಿಮೆ. ಆದರೆ ಬಹಳಷ್ಟು ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳು ಸಿನಿಮಾ ನೋಡಲು ಮಾಡಿದಂತೆ ಉದ್ದ ಜಾಸ್ತಿ, ಅಗಲ ಕಡಿಮೆ. ನಿಲ್ಲಿಸಿ ಹಿಡಿದರೆ ಎ4 ಪುಟದ ಮೇಲೆ ಕೆಳಗೆ ಜಾಗ ಸುಮ್ನೆ ವ್ಯರ್ಥ. ಅಂಗಡಿಗೆ ಹೋಗುವಾಗ ನಿಮ್ಮದೇ ಒಂದು ಹಾಡಿನ ಪಿಡಿಎಫ್ ಒಯ್ಯಿರಿ. ಅದನ್ನು ತೆರೆದು ಪರದೆಯನ್ನು ಎರಡೂವರೆ ಅಡಿ ದೂರದಲ್ಲಿ ಇಟ್ಟು ಓದಿ ನೋಡಿ.

ಇ-ಇಂಕ್ ಪರದೆಯ ಸಾಧನಗಳೂ ಇವೆ. ಬಿಸಿಲಲ್ಲಿ ಕಾಗದದಂತೆ ಕಾಣುತ್ತವೆ, ಕಣ್ಣಿಗೆ ಹಿತ. ಆದರೆ ದೊಡ್ಡ ಅಳತೆಯವು ದುಬಾರಿ, ಪುಟ ಬದಲಾಗುವುದು ನಿಧಾನ, ಕತ್ತಲಲ್ಲಿ ಬೇರೆ ದೀಪ ಬೇಕಾಗಬಹುದು. ಸಂಜೆ ಕಾರ್ಯಕ್ರಮವೇ ಹೆಚ್ಚಿರುವ ನಮಗೆ ನಾನು ಅದನ್ನು ಹೇಳುವುದಿಲ್ಲ.

ಆ್ಯಪ್ ವಿಚಾರ ಚಿಕ್ಕದು. ಐಪ್ಯಾಡ್ ಇದ್ದರೆ ಫೋರ್‌ಸ್ಕೋರ್, ಆಂಡ್ರಾಯ್ಡ್ ಇದ್ದರೆ ಮೊಬೈಲ್‌ಶೀಟ್ಸ್. ಎರಡಕ್ಕೂ ದುಡ್ಡು ಕೊಡಬೇಕು, ಕೊಡಿ. ಮಾಮೂಲಿ ಪಿಡಿಎಫ್ ಓದುವ ಆ್ಯಪ್‌ನಲ್ಲಿ ಹಾಡಿನ ಪಟ್ಟಿ ಮಾಡುವುದು, ಅಂಚು ಕತ್ತರಿಸುವುದು, ಪೆಡಲ್‌ನಿಂದ ಪುಟ ತಿರುಗಿಸುವುದು ನೆಟ್ಟಗೆ ಆಗುವುದಿಲ್ಲ.

ಹಾಡುಗಳನ್ನು ಒಳಗೆ ತರುವುದು

ಇಲ್ಲಿಯೇ ಹೆಚ್ಚು ಸಮಯ ಬೇಕು. ಅವಸರ ಮಾಡಬೇಡಿ. ನಾನು 200ಕ್ಕೂ ಹೆಚ್ಚು ಹಾಡನ್ನು ಒಳಗೆ ತರಲು ಎರಡು ತಿಂಗಳು ತೆಗೆದುಕೊಂಡೆ. ದಿನಕ್ಕೆ ನಾಲ್ಕೇ ಹಾಡು.

ಮೊದಲು, ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿಟ್ಟ ಹಳೆಯ ಹಾಡುಗಳು. ನಮ್ಮಲ್ಲಿ ಬಹಳ ಜನರ ಬಳಿ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಮಾಡಿದ ಕಡತಗಳು ಇರುತ್ತವೆ. ಅವು ಯೂನಿಕೋಡ್ (ಎಲ್ಲ ಸಾಧನಗಳಿಗೂ ಗೊತ್ತಿರುವ ಅಕ್ಷರ ಸಂಕೇತ) ಅಲ್ಲ. ಒಳಗಡೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ಆ ಫಾಂಟ್ ಇಲ್ಲದ ಟ್ಯಾಬ್ಲೆಟ್‌ನಲ್ಲಿ ತೆರೆದರೆ ಒಂದು ಅಕ್ಷರವೂ ಓದಲು ಬರುವುದಿಲ್ಲ. ಹಾಗಾಗಿ ಆ ಕಡತವನ್ನು ಫಾಂಟ್ ಇರುವ ಕಂಪ್ಯೂಟರ್‌ನಲ್ಲೇ ತೆರೆದು ಪಿಡಿಎಫ್ ಮಾಡಿ. ಪಿಡಿಎಫ್ ಒಳಗೆ ಫಾಂಟ್ ಕೂಡ ಸೇರಿಕೊಳ್ಳುತ್ತದೆ, ಎಲ್ಲಿ ತೆರೆದರೂ ಸರಿಯಾಗಿ ಕಾಣುತ್ತದೆ. ಹೊಸದಾಗಿ ಟೈಪ್ ಮಾಡುವುದಾದರೆ ಯೂನಿಕೋಡ್‌ನಲ್ಲೇ ಮಾಡಿ.

ಎರಡನೆಯದು, ಕೈಬರಹದ ಪುಸ್ತಕ. ಫೋನಿನ ಸ್ಕ್ಯಾನ್ ಆ್ಯಪ್ ಸಾಕು. ಹಗಲು ಹೊತ್ತು, ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಟ್ಟು ತೆಗೆಯಿರಿ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ನಿಮ್ಮ ಕೈಯ ನೆರಳೇ ಹಾಳೆ ಮೇಲೆ ಬೀಳುತ್ತದೆ. ಪುಸ್ತಕದ ಬೆನ್ನಿನ ಹತ್ತಿರ ಸಾಲು ಬಾಗದಂತೆ ಮೇಲೊಂದು ದಪ್ಪ ಗಾಜು ಇಟ್ಟುಕೊಳ್ಳಬಹುದು. ಪೆನ್ಸಿಲ್‌ನಲ್ಲಿ ಬರೆದ ಸ್ವರ ಮಸುಕಾಗಿದ್ದರೆ ಸ್ಕ್ಯಾನ್ ಮಾಡುವ ಮೊದಲೇ ಅದರ ಮೇಲೆ ಪೆನ್ನಿನಲ್ಲಿ ತಿದ್ದಿ. ಕಪ್ಪು-ಬಿಳುಪಿನಲ್ಲಿ ಉಳಿಸಿದರೆ ಅಕ್ಷರ ಎದ್ದು ಕಾಣುತ್ತದೆ. ಆದರೆ ಮಂದ್ರ (ಕೆಳಗಿನ), ತಾರ (ಮೇಲಿನ) ಸ್ಥಾಯಿಯ ಚುಕ್ಕೆಗಳು ಅಳಿಸಿ ಹೋಗಿವೆಯಾ ಅಂತ ಒಂದೊಂದು ಪುಟವನ್ನೂ ನೋಡಲೇಬೇಕು. ಒಂದು ಚುಕ್ಕೆ ಹೋದರೆ ಒಂದು ಸ್ಥಾಯಿಯೇ ಹೋಯಿತು.

ಗುರುಗಳ ಕೈಬರಹ ಇರುವ ಹಾಳೆಗಳಿದ್ದರೆ ಮಾತ್ರ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಬೇರೆ ಕಡೆಯೂ ಒಂದು ಪ್ರತಿ ಇಡಿ. ಆ ಹಾಳೆ ಮತ್ತೆ ಸಿಗುವುದಿಲ್ಲ.

ಇನ್ನೊಂದು ಮಾತು. ಅಚ್ಚಾದ ಪುಸ್ತಕವನ್ನು ಇಡಿಯಾಗಿ ಸ್ಕ್ಯಾನ್ ಮಾಡಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಬೇಡಿ. ನಮ್ಮ ದೇಶದ ಕಾನೂನಿನಲ್ಲಿ ಕವಿಯ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅಂದರೆ ಲೆಕ್ಕ 2041ರ ಕೊನೆಯವರೆಗೂ ಹೋಗುತ್ತದೆ. ಅವರ ಹಾಡಿನಿಂದಲೇ ನಾವು ಊಟ ಮಾಡುತ್ತಿರುವಾಗ ಪುಸ್ತಕ ಕೊಂಡುಕೊಳ್ಳುವುದು ನ್ಯಾಯ.

ಹೆಸರು ಇಡುವಾಗ ಒಂದೇ ಪದ್ಧತಿ ಇರಲಿ. ನಾನು ಹಾಡಿನ ಮೊದಲ ಸಾಲು, ಆಮೇಲೆ ಗಾಯಕರ ಹೆಸರಿನ ಮೊದಲಕ್ಷರ, ಆಮೇಲೆ ಸ್ಕೇಲ್ ಬರೆಯುತ್ತೇನೆ. ಎಲ್ಲವೂ ಕನ್ನಡದಲ್ಲೇ. ಕೆಲವು ಕನ್ನಡದಲ್ಲಿ, ಕೆಲವು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟರೆ ಬೇಕಾದಾಗ ಹುಡುಕಿದರೆ ಸಿಗುವುದಿಲ್ಲ.

ಪಲ್ಲವಿಗೆ ಹಿಂದೆ ಹೋಗಬೇಡಿ

ನಾನು ಕಲಿತದ್ದರಲ್ಲಿ ತುಂಬ ಉಪಯೋಗಕ್ಕೆ ಬಂದದ್ದು ಇದು. ಕಾಗದದಲ್ಲಿ ನಾವು ಪಲ್ಲವಿಯನ್ನು ಒಮ್ಮೆ ಬರೆದು, ಪ್ರತಿ ಚರಣದ ಕೊನೆಗೆ ಸುಮ್ನೆ ಒಂದು ‘ಪ’ ಹಾಕುತ್ತೇವೆ. ಕಣ್ಣು ಮೇಲಕ್ಕೆ ಹೋಗಿ ಬರುತ್ತದೆ. ಒಂದೇ ಪುಟದಲ್ಲಿದ್ದರೆ ಸರಿ. ಆದರೆ ಹಾಡು ಎರಡು ಪರದೆಗೆ ಹರಡಿತೋ, ಪಲ್ಲವಿಗೆ ಹಿಂದಿನ ಪುಟ, ಚರಣಕ್ಕೆ ಮುಂದಿನ ಪುಟ, ಮತ್ತೆ ಹಿಂದೆ. ಮೂರು ಚರಣದ ಹಾಡಿನಲ್ಲಿ ಲೆಕ್ಕ ತಪ್ಪುವುದು ಖಂಡಿತ.

ಅದಕ್ಕೆ ಹಾಡನ್ನು ನುಡಿಸುವ ಕ್ರಮದಲ್ಲೇ ಹೊಸದಾಗಿ ಬರೆಯಿರಿ. ಆರಂಭದ ಬಿಟ್, ಪಲ್ಲವಿ, ಮಧ್ಯದ ಬಿಟ್, ಚರಣ, ಮತ್ತೆ ಪಲ್ಲವಿ, ಹೀಗೆ ಕೊನೆಯವರೆಗೆ. ಒಂದೇ ದಿಕ್ಕು, ಯಾವಾಗಲೂ ಮುಂದಕ್ಕೆ. ಪುಟ ಜಾಸ್ತಿ ಆಗುತ್ತದೆ, ಆಗಲಿ, ಇಲ್ಲಿ ಕಾಗದದ ಖರ್ಚಿಲ್ಲ. ಸ್ಕ್ಯಾನ್ ಮಾಡಿದ ಹಾಡಾದರೆ ಮೊದಲ ಪುಟದ ಇನ್ನೊಂದು ಪ್ರತಿಯನ್ನೇ ಚರಣದ ನಂತರ ಸೇರಿಸಿ. ಎರಡೂ ಆ್ಯಪ್‌ನಲ್ಲಿ ಪುಟಗಳ ಕ್ರಮ ಬದಲಿಸಲು ಬರುತ್ತದೆ.

ಬರೆಯುವಾಗಲೇ ಪುಟ ಎಲ್ಲಿ ಮುಗಿಯಬೇಕು ಅಂತ ಯೋಚಿಸಿ. ನಿಮ್ಮ ಕೈಗೆ ಬಿಡುವಿರುವ ಕಡೆ ಮುಗಿಯಬೇಕು. ಕೀಬೋರ್ಡ್‌ನವರಿಗೆ ಚರಣದ ಎರಡನೇ ಸಾಲು, ಹಾಡುವವರು ಒಬ್ಬರೇ ಇರುವ ಜಾಗ. ಕೊಳಲಿನವರಿಗೆ ಇಡೀ ಪಲ್ಲವಿಯೇ ಬಿಡುವು ಇರಬಹುದು. ಬಿಟ್‌ನ ಮಧ್ಯದಲ್ಲಿ ಮಾತ್ರ ಪುಟ ಮುಗಿಯುವುದು ಬೇಡ. ಹಾಳೆಯ ಕೆಳಗೆ ಅರ್ಧ ಖಾಲಿ ಉಳಿದರೂ ಪರವಾಗಿಲ್ಲ, ಬಿಟ್ ಹೊಸ ಪುಟದಲ್ಲೇ ಶುರುವಾಗಲಿ.

ಸ್ಕೇಲ್ ಬದಲಾದರೆ

ಸಾಹಿತ್ಯದ ಮೇಲೆ ಸ ರಿ ಗ ಮ ಬರೆದುಕೊಳ್ಳುವವರು ನಿಶ್ಚಿಂತೆಯಿಂದ ಇರಬಹುದು. ಷಡ್ಜ ಎಲ್ಲಿಗೆ ಹೋದರೂ ಬರಹ ಬದಲಾಗುವುದಿಲ್ಲ. ಸಿ ಮೇಜರ್, ಎ ಮೈನರ್ ಅಂತ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೆಸರು ಬರೆದುಕೊಳ್ಳುವ ಗಿಟಾರ್‌ನವರಿಗೆ ಎಲ್ಲವೂ ಬದಲಾಗಬೇಕು. ಅವರು ಹಾಡನ್ನು ಕಾರ್ಡ್‌ಪ್ರೊ ಎಂಬ ಸರಳ ಪಠ್ಯ ರೂಪದಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಸಾಹಿತ್ಯದ ನಡುವೆ ಚೌಕ ಕಂಸದಲ್ಲಿ ಕಾರ್ಡ್ ಹೆಸರು ಹಾಕುತ್ತಾ ಹೋಗುವುದು, ಅಷ್ಟೇ. ಮೊಬೈಲ್‌ಶೀಟ್ಸ್, ಆನ್‌ಸಾಂಗ್‌ನಂಥ ಆ್ಯಪ್‌ಗಳು ಅದನ್ನು ಬೇಕಾದ ಸ್ಕೇಲ್‌ಗೆ ತಾವೇ ಬದಲಿಸಿ ತೋರಿಸುತ್ತವೆ. ಪಿಡಿಎಫ್‌ನಲ್ಲಿ ಇದು ಆಗದು. ಅದು ಒಂದು ಚಿತ್ರ ಇದ್ದಂತೆ. ಸ್ಟಾಫ್ ನೊಟೇಶನ್ ಆದರೆ ಮ್ಯೂಸ್‌ಸ್ಕೋರ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆದಿಟ್ಟುಕೊಂಡು, ಬೇಕಾದ ಸ್ಕೇಲ್‌ನಲ್ಲಿ ಪಿಡಿಎಫ್ ತೆಗೆಯಬಹುದು.

ಕೀಬೋರ್ಡ್‌ನವರು ವಾದ್ಯದ ಟ್ರಾನ್ಸ್‌ಪೋಸ್ ಗುಂಡಿ (ಸ್ಕೇಲ್ ಬದಲಿಸುವ ಗುಂಡಿ) ಒತ್ತುವುದೇ ಹೆಚ್ಚು. ಹಾಗಾದರೆ ಹಾಡಿನ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ‘ಟ್ರಾನ್ಸ್‌ಪೋಸ್ +2’ ಅಂತ ದೊಡ್ಡದಾಗಿ ಬರೆಯಿರಿ. ಸಿ ಯಲ್ಲಿ ಕಲಿತ ಹಾಡನ್ನು ಡಿ ಯಲ್ಲಿ ನುಡಿಸಬೇಕಾದಾಗ ಅದು +2, ಅಂದರೆ ಎರಡು ಅರ್ಧ ಸ್ವರ ಮೇಲೆ. ಬದಲಾವಣೆ ಇಲ್ಲದ ಹಾಡಿಗೂ ‘ಟ್ರಾನ್ಸ್‌ಪೋಸ್ 0’ ಅಂತ ಬರೆಯಲೇಬೇಕು. ಹಿಂದಿನ ಹಾಡಿನ +2 ಹಾಗೇ ಉಳಿದು ಮುಂದಿನ ಹಾಡು ಶುರುವಾದರೆ ಗಾಯಕರ ಗಂಟಲಿಗೆ ಆಗುವ ಕಷ್ಟ ನಮಗೆ ಗೊತ್ತಾಗುವುದಿಲ್ಲ.

ಪುಟ ತಿರುಗಿಸಲು ಕಾಲು

ಬ್ಲೂಟೂತ್ ಪೆಡಲ್ ಒಂದು ಪುಟ್ಟ ಕೀಲಿಮಣೆ ಅಷ್ಟೇ. ಒತ್ತಿದರೆ ಬಾಣದ ಗುರುತಿನ ಕೀಲಿ ಅಥವಾ ಪೇಜ್ ಡೌನ್ ಕೀಲಿ ಒತ್ತಿದ ಸಂಕೇತ ಹೋಗುತ್ತದೆ. ಅದಕ್ಕೇ ಒಂದೇ ಪೆಡಲ್ ಐಪ್ಯಾಡ್‌ಗೂ ಆಗುತ್ತದೆ, ಆಂಡ್ರಾಯ್ಡ್‌ಗೂ ಆಗುತ್ತದೆ. ಏರ್‌ಟರ್ನ್, ಪೇಜ್‌ಫ್ಲಿಪ್ ಹೆಸರಾದವು.

ಕೀಬೋರ್ಡ್‌ನವರ ಬಲಗಾಲು ಸಸ್ಟೇನ್ ಪೆಡಲ್ (ಬೆರಳು ಎತ್ತಿದ ಮೇಲೂ ನಾದ ಉಳಿಸುವ ಪೆಡಲ್) ಮೇಲೆ ಇರುತ್ತದೆ. ಪುಟದ ಪೆಡಲ್ ಎಡಗಾಲಿಗೇ ಇರಲಿ, ಎಂದೂ ಜಾಗ ಬದಲಿಸಬೇಡಿ. ವೇದಿಕೆಯಲ್ಲಿ ನಾವು ಚಪ್ಪಲಿ ಬಿಟ್ಟೇ ಕೂರುವುದರಿಂದ ಒಂದು ಅನುಕೂಲ ಇದೆ, ಬರಿಗಾಲಿಗೆ ಪೆಡಲ್ ಎಲ್ಲಿದೆ ಅಂತ ನೋಡದೆಯೇ ಗೊತ್ತಾಗುತ್ತದೆ. ಜಮಖಾನದ ಮೇಲೆ ಅದು ಜಾರುತ್ತದೆ. ಒಂದು ಅಗಲವಾದ ರಟ್ಟಿಗೆ ಪೆಡಲನ್ನು ಎರಡೂ ಬದಿ ಅಂಟುವ ಟೇಪಿನಿಂದ ಅಂಟಿಸಿ, ರಟ್ಟಿನ ಒಂದು ಅಂಚನ್ನು ಕೀಬೋರ್ಡ್ ಸ್ಟ್ಯಾಂಡಿನ ಕಾಲಿನ ಕೆಳಗೆ ಸಿಕ್ಕಿಸಿ.

ಪೆಡಲ್‌ಗೆ ಒಂದು ಗುಣ ಇದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಬ್ಯಾಟರಿ ಉಳಿಸಲು ಅದು ಮಲಗಿಬಿಡಬಹುದು. ಎರಡು ಹಾಡಿನ ಮಧ್ಯೆ ಅತಿಥಿಗಳ ಭಾಷಣ, ಸನ್ಮಾನ ಎಲ್ಲ ಮುಗಿಯಲು ಅರ್ಧ ಗಂಟೆ ಬೇಕು. ಆಮೇಲೆ ಹಾಡು ಶುರುವಾದಾಗ ಮೊದಲ ಒತ್ತಿಗೆ ಪುಟ ಹೋಗುವುದಿಲ್ಲ. ಪ್ರತಿ ಹಾಡಿಗೆ ಮುಂಚೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಒತ್ತಿ ನೋಡಿ. ಪೆಡಲನ್ನು ನಿಮ್ಮ ಫೋನಿಗೆ ಜೋಡಿಸಲೇಬೇಡಿ. ಟ್ಯಾಬ್ಲೆಟ್‌ಗಿಂತ ಮೊದಲು ಫೋನ್ ಅದನ್ನು ಹಿಡಿದುಕೊಂಡರೆ ಒತ್ತಿದ್ದೆಲ್ಲ ಅಲ್ಲಿಗೆ ಹೋಗುತ್ತದೆ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರಿಗೆ ಪೆಡಲ್ ಒಗ್ಗುವುದಿಲ್ಲ. ಕರ್ನಾಟಕ ಶೈಲಿಯ ವಯಲಿನ್‌ನವರ ಬಲಪಾದದ ಮೇಲೆ ವಾದ್ಯದ ತುದಿಯೇ ಕೂತಿರುತ್ತದೆ. ತಬಲದವರಿಗೆ ಎರಡೂ ಕೈ ಬಿಡುವಿಲ್ಲ. ಇವರಿಗೆ ನನ್ನ ಸಲಹೆ ಒಂದೇ, ಒಂದು ಹಾಡು ಒಂದೇ ಪರದೆಯಲ್ಲಿ ಮುಗಿಯಬೇಕು. ಪೂರ್ತಿ ಹಾಡಿನ ಬದಲು ಬಿಟ್‌ಗಳನ್ನೂ, ಚರಣಗಳ ಮೊದಲ ಪದಗಳನ್ನೂ ಮಾತ್ರ ಬರೆದುಕೊಳ್ಳಿ. ಬರೆಯುತ್ತಾ ಬರೆಯುತ್ತಾ ಅರ್ಧ ಬಾಯಿಪಾಠವೂ ಆಗಿಬಿಡುತ್ತದೆ.

ಕಾಲೂ ಬೇಡ, ಬೆರಳೂ ಬೇಡ ಅನ್ನುವವರಿಗೆ ತಾನಾಗಿ ಸರಿಯುವ ಪರದೆಯ ಸೌಲಭ್ಯ ಇದೆ. ನಾನು ಒಪ್ಪುವುದಿಲ್ಲ. ಗಾಯಕರು ಒಂದು ಸಾಲನ್ನು ಮೂರು ಸಲ ಹಾಡಬೇಕು ಅಂತ ಆ ಕ್ಷಣ ಅನಿಸಿದರೆ ಹಾಡಲೇಬೇಕು. ಪರದೆ ಅದಕ್ಕೆ ಕಾಯುವುದಿಲ್ಲ.

ಸ್ಟ್ಯಾಂಡ್, ಬೆಳಕು, ಬಿಸಿಲು

ನೆಲದ ಮೇಲೆ ಕೂರುವವರಿಗೆ ಪಾರಾಯಣಕ್ಕೆ ಇಡುವ ಮರದ ವ್ಯಾಸಪೀಠಕ್ಕಿಂತ ಒಳ್ಳೆಯ ಸ್ಟ್ಯಾಂಡ್ ಇಲ್ಲ. ಎತ್ತರ ಕಡಿಮೆ, ಗಾಳಿಗೆ ಅಲ್ಲಾಡುವುದಿಲ್ಲ, ಸಭಿಕರಿಗೆ ಮುಖವೂ ಮರೆಯಾಗುವುದಿಲ್ಲ. ನಿಂತು ಹಾಡುವವರು ಮೈಕ್ ಸ್ಟ್ಯಾಂಡಿಗೆ ಸಿಕ್ಕಿಸುವ ಕ್ಲಾಂಪ್ ತೆಗೆದುಕೊಳ್ಳಿ, ಅದನ್ನು ಎದೆಯ ಮಟ್ಟಕ್ಕಿಂತ ಕೆಳಗೇ ಕಟ್ಟಿ. ಕಾಗದದ ಹಾಳೆಗೆ ಮಾಡಿದ ತಂತಿ ಸ್ಟ್ಯಾಂಡ್ ಮೇಲೆ ಟ್ಯಾಬ್ಲೆಟ್ ಇಡಬೇಡಿ, ಭಾರಕ್ಕೆ ಮಗುಚುತ್ತದೆ.

ವೇದಿಕೆಯ ಕೆಂಪು ದೀಪದಲ್ಲಿ ಕಾಗದದ ಮೇಲಿನ ಕೆಂಪು ಬರಹ ಮಾಯವಾಗುವುದನ್ನು ನೀವೂ ನೋಡಿರಬಹುದು. ಟ್ಯಾಬ್ಲೆಟ್‌ಗೆ ತನ್ನದೇ ಬೆಳಕು ಇರುವುದರಿಂದ ಆ ತೊಂದರೆ ಇಲ್ಲ. ಆದರೆ ಸಂಜೆ ಹೊಳಪು ಪೂರ್ತಿ ಇಟ್ಟರೆ ನಿಮ್ಮ ಮುಖ ಕೆಳಗಿನಿಂದ ನೀಲಿಯಾಗಿ ಬೆಳಗುತ್ತದೆ, ಫೋಟೊದಲ್ಲೂ ಹಾಗೇ ಬರುತ್ತದೆ. ಹೊಳಪು ತಾನಾಗಿ ಬದಲಾಗುವ ಸೌಲಭ್ಯ ನಿಲ್ಲಿಸಿ, ಅರ್ಧಕ್ಕಿಂತ ಕೆಳಗಿಡಿ. ಮಳೆಗಾಲದ ರಾತ್ರಿ ಪರದೆಯ ಬೆಳಕಿಗೆ ಹುಳು ಮುತ್ತುತ್ತವೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬರುವಂತೆ ಮಾಡಿಕೊಂಡರೆ ಅವೂ ಕಡಿಮೆ.

ಹಗಲಿನ ಕಾರ್ಯಕ್ರಮಕ್ಕೆ ಮ್ಯಾಟ್ ಸ್ಕ್ರೀನ್‌ಗಾರ್ಡ್ ಬೇಕು, ಇಲ್ಲದಿದ್ದರೆ ಪರದೆಯಲ್ಲಿ ಶಾಮಿಯಾನವೇ ಕಾಣುತ್ತದೆ. ಬಿಸಿಲಿನ ವಿಷಯದಲ್ಲಿ ಎಚ್ಚರ. ಐಪ್ಯಾಡನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಿ ಅಂತ ತಯಾರಕರೇ ಹೇಳುತ್ತಾರೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುತ್ತದೆ. ತುಂಬ ಕಾದರೆ ಎಚ್ಚರಿಕೆ ತೋರಿಸಿ ಅದು ಕೆಲಸ ನಿಲ್ಲಿಸುತ್ತದೆ. ಆ ಕಡೆ ಹೋಗುವಾಗ ದಪ್ಪ ಕವರ್ ತೆಗೆಯಿರಿ, ನುಡಿಸುತ್ತಾ ಚಾರ್ಜ್ ಮಾಡಬೇಡಿ, ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಬೆವರಿನ ಹನಿ ಬಿದ್ದರೆ ಪರದೆ ಅದನ್ನು ಬೆರಳು ಅಂತ ತಿಳಿಯಬಹುದು. ಒಂದು ಹತ್ತಿಬಟ್ಟೆ ಪಕ್ಕದಲ್ಲೇ ಇರಲಿ.

ಹಿಂದಿನ ರಾತ್ರಿ ಮತ್ತು ಆ ದಿನ

ಇದನ್ನು ಮಾತ್ರ ಕ್ರಮವಾಗಿ ಮಾಡಿ.

1. ಆ ದಿನದ ಹಾಡುಗಳ ಪಟ್ಟಿಯನ್ನು ಆ್ಯಪ್‌ನಲ್ಲಿ ಮಾಡಿ. ಒಂದು ಹಾಡಿನ ಕೊನೇ ಪುಟದಿಂದ ಮುಂದಿನ ಹಾಡಿಗೆ ಪೆಡಲ್‌ನಿಂದಲೇ ಹೋಗುವಂತಿರಲಿ. ಕೇಳಬಹುದಾದ ನಾಲ್ಕೈದು ಹೆಚ್ಚಿನ ಹಾಡನ್ನು ಪಟ್ಟಿಯ ಕೊನೆಗೆ ಸೇರಿಸಿ.

2. ಫ್ಲೈಟ್ ಮೋಡ್ ಹಾಕಿ, ಬ್ಲೂಟೂತ್ ಮಾತ್ರ ಮತ್ತೆ ಆನ್ ಮಾಡಿ. ಈಗ ಪಟ್ಟಿಯ ಪ್ರತಿ ಹಾಡನ್ನೂ ತೆರೆಯಿರಿ. ತೆರೆಯದ ಹಾಡು ಇದ್ದರೆ ಅದು ಟ್ಯಾಬ್ಲೆಟ್‌ನಲ್ಲಿ ಇಲ್ಲ, ಇಂಟರ್‌ನೆಟ್‌ನಲ್ಲೆಲ್ಲೋ ಇದೆ ಅಂತ ಅರ್ಥ. ಜನ ತುಂಬಿದ ಮೈದಾನದಲ್ಲಿ ನೆಟ್‌ವರ್ಕ್ ನಂಬಬೇಡಿ.

3. ಪರದೆ ತಾನಾಗಿ ಆರದಂತೆ ಮಾಡಿ, ಅಡ್ಡ ಉದ್ದ ತಿರುಗದಂತೆ ಲಾಕ್ ಮಾಡಿ. ಐಪ್ಯಾಡ್‌ನ ಲೋ ಪವರ್ ಮೋಡ್ ಹಾಕಬೇಡಿ, ಅದು 30 ಸೆಕೆಂಡಿಗೆ ಪರದೆ ಆರಿಸುವ ಹಾಗೆ ಮಾಡುತ್ತದೆ.

4. ಫೋರ್‌ಸ್ಕೋರ್‌ನಲ್ಲಿ ಪರ್ಫಾರ್ಮೆನ್ಸ್ ಮೋಡ್ ಇದೆ. ಅದು ಆನ್ ಇದ್ದರೆ ತಪ್ಪಿ ಕೈ ತಾಗಿದರೂ ಪುಟ ತಿರುಗುವುದರ ಹೊರತು ಬೇರೇನೂ ಆಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಆ್ಯಪನ್ನು ಪಿನ್ ಮಾಡಿ, ಅಂದರೆ ತಪ್ಪಿ ಬೇರೆ ಆ್ಯಪ್‌ಗೆ ಹೋಗದಂತೆ ಕಟ್ಟಿಹಾಕಿ.

5. ಟ್ಯಾಬ್ಲೆಟ್, ಪೆಡಲ್ ಎರಡನ್ನೂ ಪೂರ್ತಿ ಚಾರ್ಜ್ ಮಾಡಿ. ಕಾರ್ಯಕ್ರಮದ ವಾರದಲ್ಲಿ ಯಾವ ಅಪ್‌ಡೇಟ್ ಕೂಡ ಬೇಡ.

6. ಅದೇ ಪಿಡಿಎಫ್‌ಗಳನ್ನು ಫೋನಿಗೂ ಹಾಕಿ. ಮೊದಲ ಹತ್ತು ಕಾರ್ಯಕ್ರಮಕ್ಕಾದರೂ ಕಾಗದದ ಫೈಲ್ ಕೂಡ ಕಾಲ ಬಳಿ ಇರಲಿ.

ಸೌಂಡ್ ಚೆಕ್ ವೇಳೆ ಬರೀ ಶಬ್ದ ನೋಡಿ ಬಿಡಬೇಡಿ. ಅತಿ ಕಷ್ಟದ ಪುಟ ತಿರುಗಿಸುವ ಹಾಡನ್ನೇ ಆಗ ನುಡಿಸಿ. ಟ್ಯಾಬ್ಲೆಟ್‌ನಿಂದ ತಂಬೂರದ ನಾದ ಅಥವಾ ಟ್ರ್ಯಾಕ್ (ಮೊದಲೇ ಧ್ವನಿಮುದ್ರಿಸಿದ ಹಿನ್ನೆಲೆ ಸಂಗೀತ) ಕೂಡ ಕೊಡುತ್ತಿದ್ದರೆ, ಚಾರ್ಜರ್ ಸಿಕ್ಕಿಸಿದಾಗ ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು ಬರಬಹುದು. ಚಾರ್ಜರ್ ತೆಗೆದರೆ ನಿಲ್ಲುತ್ತದೆ, ಸೌಂಡಿನವರಿಗೆ ಅದನ್ನು ಮೊದಲೇ ಹೇಳಿ. ಆಮೇಲೆ ಗಾಯಕರ ಕಡೆ ತಿರುಗಿ ಕೂತು ನೋಡಿ. ಪರದೆಯ ಮೇಲಂಚಿನಿಂದ ಕಣ್ಣು ಸ್ವಲ್ಪ ಎತ್ತಿದರೆ ಅವರ ಮುಖ ಕಾಣಬೇಕು. ಕಾಣದಿದ್ದರೆ ಸ್ಟ್ಯಾಂಡ್ ಸರಿಸಿ, ನಿಮ್ಮ ಕುರ್ಚಿಯನ್ನೂ ಸರಿಸಿ.

ಮನೆಗೆ ಬಂದ ಮೇಲೆ

ಹಾಡುತ್ತಾ ಹಾಡುತ್ತಾ ಬದಲಾದದ್ದು ಬಹಳ ಇರುತ್ತದೆ. ಗಾಯಕಿ ಅರ್ಧ ಸ್ವರ ಕೆಳಗಿಳಿಸಿರುತ್ತಾರೆ, ಒಂದು ಚರಣ ಬಿಟ್ಟಿರುತ್ತಾರೆ, ಕೊಳಲಿನವರು ಒಂದು ಬಿಟ್ ಚೆಂದ ಮಾಡಿರುತ್ತಾರೆ. ಮಲಗುವ ಮೊದಲು ಟ್ಯಾಬ್ಲೆಟ್ ತೆರೆದು ಅದನ್ನೆಲ್ಲ ಆಯಾ ಹಾಡಿನ ಮೇಲೇ ಗುರುತು ಹಾಕಿ. ಫ್ಲೈಟ್ ಮೋಡ್ ತೆಗೆದು ಆ್ಯಪ್‌ನ ಬ್ಯಾಕಪ್ ಇನ್ನೊಂದು ಕಡೆ ಉಳಿಸಿ. ಪೆಡಲ್‌ನ ಸ್ವಿಚ್ ಆರಿಸಿದ್ದೀರಾ ಅಂತಲೂ ಒಮ್ಮೆ ನೋಡಿ, ಚೀಲದೊಳಗೆ ಅದು ಒತ್ತಿಕೊಂಡೇ ಬ್ಯಾಟರಿ ಮುಗಿಸುತ್ತದೆ.